ಮ್ಯಾಮೋಗ್ರಫಿ ವರದಿಯಲ್ಲಿ ಓದದೆ ಬಿಡುವ ಒಂದು ಸಾಲು
ದಟ್ಟ ಸ್ತನ ಅಂಗಾಂಶ, ಪೂರಕ ತಪಾಸಣೆ ಮತ್ತು ಚಳ್ಳಕೆರೆ–ಮೊಳಕಾಲ್ಮೂರು ಭಾಗದ ವರ್ತಕ ಕುಟುಂಬಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಎಂದೊಡನೆ ವರ್ತಕ ವಲಯಕ್ಕೆ ನೆನಪಾಗುವುದು ಶೇಂಗಾ, ಎಣ್ಣೆ ಗಿರಣಿಗಳು ಮತ್ತು ಕರಿ ಕಂಬಳಿ. ಮೊಳಕಾಲ್ಮೂರು ಎಂದೊಡನೆ ನೆನಪಾಗುವುದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ರೇಷ್ಮೆ ಸೀರೆ. ಈ ಎರಡೂ ತಾಲ್ಲೂಕುಗಳ ಸಣ್ಣ ಉದ್ಯಮಗಳಲ್ಲಿ ಒಂದು ಸಮಾನ ಲಕ್ಷಣವನ್ನು ಕಾಣಬಹುದು. ಇಲ್ಲಿ ಮನೆ ಮತ್ತು ಉದ್ಯಮ ಬೇರೆ ಬೇರೆಯಲ್ಲ. ಮಗ್ಗದ ಮುಂದೆ ಕುಳಿತವರು ಗಂಡಸರಾದರೂ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಬಹುಪಾಲು ಮನೆಯ ಹೆಂಗಸರ ಕೆಲಸ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮಧ್ಯಾಹ್ನದ ಹೊತ್ತು ಕೂರುವವರೂ ಅವರೇ. ಈ ದುಡಿಮೆಗೆ ಲಾಭ-ನಷ್ಟದ ಪಟ್ಟಿಯಲ್ಲಿ ಯಾವ ಶೀರ್ಷಿಕೆಯೂ ಇಲ್ಲ. ಆ ಕೈ ನಿಂತಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಅಂತಹ ಮನೆಯ ಗೃಹಿಣಿಗೆ ಸ್ತನ ಕ್ಯಾನ್ಸರ್ ತಡವಾಗಿ ಪತ್ತೆಯಾದರೆ ಮೊದಲು ಮಗ್ಗ ನಿಲ್ಲುತ್ತದೆ. ಬಳಿಕ ದುಡಿಯುವ ಬಂಡವಾಳ ಆಸ್ಪತ್ರೆಯ ಪಾಲಾಗುತ್ತದೆ. ಕೊನೆಗೆ ಒಡವೆ ಅಡವಿಗೆ ಹೋಗುತ್ತದೆ. ಬೇಗ ಪತ್ತೆಯಾದರೆ ಚಿಕಿತ್ಸೆ ಸರಳ, ಖರ್ಚು ಕಡಿಮೆ, ಬದುಕುವ ಸಾಧ್ಯತೆ ಹೆಚ್ಚು. ಇದು ಈಗ ಅನೇಕರಿಗೆ ತಿಳಿದ ವಿಷಯವೇ. ಆದರೆ ಬೇಗ ಪತ್ತೆ ಮಾಡಲು ಹೋಗಿ, ಮ್ಯಾಮೋಗ್ರಫಿ ಮಾಡಿಸಿ, "ತೊಂದರೆ ಇಲ್ಲ" ಎಂಬ ವರದಿ ಪಡೆದ ಮೇಲೂ ಕೆಲವರಿಗೆ ಕಾಯಿಲೆ ಉಳಿದಿರಬಹುದು ಎಂಬ ಅಂಶ ಅಷ್ಟಾಗಿ ತಿಳಿದಿಲ್ಲ. ಅದಕ್ಕೆ ಕಾರಣವಾಗಬಲ್ಲ "ದಟ್ಟ ಸ್ತನ ಅಂಗಾಂಶ" ಮತ್ತು ಅದಕ್ಕೆ ಪರಿಹಾರವೆನಿಸಿದ "ಪೂರಕ ತಪಾಸಣೆ"ಗಳನ್ನು ಕುರಿತು ಉದ್ಯಮಿ ಕುಟುಂಬಗಳು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಗಾತ್ರ

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು ಕಂಡುಬಂದವು. ಸುಮಾರು 98 ಸಾವಿರ ಮಂದಿ ಈ ಕಾಯಿಲೆಯಿಂದ ಮೃತಪಟ್ಟರು. ಭಾರತೀಯ ಮಹಿಳೆಯರಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ ಎಂಬುದು ಗಮನಾರ್ಹ. ವಯಸ್ಸು ಕಡಿಮೆಯಿದ್ದಷ್ಟೂ ಸ್ತನದ ಅಂಗಾಂಶ ದಟ್ಟವಾಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ದಟ್ಟತೆಯ ಪ್ರಶ್ನೆಯನ್ನು ಪರದೇಶದ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ.

ದಟ್ಟತೆ ಎಂದರೇನು?

ಸ್ತನವು ಕೊಬ್ಬು, ಹಾಲು ಉತ್ಪಾದಿಸುವ ಗ್ರಂಥಿಗಳು ಮತ್ತು ಅವುಗಳಿಗೆ ಆಧಾರವಾದ ನಾರಿನ ಅಂಗಾಂಶಗಳಿಂದ ಕೂಡಿದೆ. ಮ್ಯಾಮೋಗ್ರಫಿಯು ಸ್ತನದ ಎಕ್ಸ್-ರೇ. ಅದರಲ್ಲಿ ಕೊಬ್ಬು ಕಪ್ಪಾಗಿಯೂ, ಗ್ರಂಥಿ ಮತ್ತು ನಾರು ಬೆಳ್ಳಗೂ ಕಾಣುತ್ತವೆ. ಕ್ಯಾನ್ಸರ್ ಗಡ್ಡೆ ಕೂಡ ಬೆಳ್ಳಗೇ ಕಾಣುತ್ತದೆ. ಚಳ್ಳಕೆರೆಯ ಕರಿ ಕಂಬಳಿಯ ಮೇಲೆ ಬಿದ್ದ ಬಿಳಿ ನೂಲಿನ ಎಳೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅದೇ ಎಳೆ ಬಿಳಿ ಪಂಚೆಯ ಮೇಲೆ ಬಿದ್ದರೆ ಹುಡುಕಿದರೂ ಸಿಗುವುದಿಲ್ಲ. ದಟ್ಟ ಸ್ತನದ ಎಕ್ಸ್-ರೇ ಎರಡನೆಯ ಬಗೆಯದು.

ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ, ಭಾರತದಲ್ಲಿಯೂ ಬಳಕೆಯಲ್ಲಿರುವ ಬೈ-ರಾಡ್ಸ್ ಪದ್ಧತಿಯು ದಟ್ಟತೆಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ. ಎ ಎಂದರೆ ಬಹುತೇಕ ಕೊಬ್ಬು. ಬಿ ಎಂದರೆ ಅಲ್ಲಲ್ಲಿ ಚದುರಿದ ಗ್ರಂಥಿ. ಸಿ ಎಂದರೆ ಹೆಚ್ಚು ಭಾಗ ದಟ್ಟ. ಡಿ ಎಂದರೆ ಅತ್ಯಂತ ದಟ್ಟ. ಸಿ ಮತ್ತು ಡಿ ವರ್ಗಗಳನ್ನು ಒಟ್ಟಾಗಿ "ದಟ್ಟ" ಎನ್ನಲಾಗುತ್ತದೆ. ಅಮೆರಿಕದಲ್ಲಿ 40 ದಾಟಿದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಎರಡು ವರ್ಗಗಳಲ್ಲಿದ್ದು, ಡಿ ವರ್ಗದವರು ಸುಮಾರು ಹತ್ತರಲ್ಲಿ ಒಬ್ಬರು.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ನಿವಾರಿಸಿಕೊಳ್ಳುವುದು ಅಗತ್ಯ. ಮೊದಲನೆಯದಾಗಿ, ದಟ್ಟತೆ ಒಂದು ಕಾಯಿಲೆಯಲ್ಲ. ಎತ್ತರ, ಮೈಬಣ್ಣಗಳಂತೆ ಅದೊಂದು ಸಹಜ ಲಕ್ಷಣ. ಎರಡನೆಯದಾಗಿ, ಕೈಯಿಂದ ಮುಟ್ಟಿ ದಟ್ಟತೆಯನ್ನು ಹೇಳಲಾಗದು; ಅದು ಮ್ಯಾಮೋಗ್ರಫಿಯಲ್ಲಿ ಮಾತ್ರ ತಿಳಿಯುತ್ತದೆ. ಮೂರನೆಯದಾಗಿ, ದಟ್ಟತೆಯು ಗಡ್ಡೆಯನ್ನು ಮರೆಮಾಡುವುದಷ್ಟೇ ಅಲ್ಲ, ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಅತ್ಯಂತ ದಟ್ಟ ಅಂಗಾಂಶವುಳ್ಳವರಿಗೆ ಈ ಸಾಧ್ಯತೆ ಸರಾಸರಿ ದಟ್ಟತೆಯವರಿಗಿಂತ ಸುಮಾರು ಎರಡು ಪಟ್ಟು ಎಂದು ಅಂದಾಜಿಸಲಾಗಿದೆ.

ಮರೆಮಾಚುವಿಕೆಯ ಪ್ರಮಾಣವೂ ಅಳತೆಗೆ ಸಿಕ್ಕಿದೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಹುತೇಕ ಕೊಬ್ಬಿನಿಂದ ಕೂಡಿದ ಸ್ತನದಲ್ಲಿ ಇದ್ದ ಕ್ಯಾನ್ಸರ್‌ಗಳ ಪೈಕಿ ಶೇ. 87ರಷ್ಟನ್ನು ಮ್ಯಾಮೋಗ್ರಫಿ ಹಿಡಿದರೆ, ಅತ್ಯಂತ ದಟ್ಟ ಸ್ತನದಲ್ಲಿ ಶೇ. 63ರಷ್ಟನ್ನು ಮಾತ್ರ ಹಿಡಿಯಿತು. ಅಂದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಕಣ್ತಪ್ಪಿದವು.

ವರದಿಯನ್ನು ಓದುವ ಬಗೆ

ಲೆಕ್ಕಪರಿಶೋಧನಾ ವರದಿಯನ್ನು ಕಂಡು ಬಲ್ಲ ಉದ್ಯಮಿಗೆ ಈ ವಿಷಯ ಅರ್ಥವಾಗುವುದು ಸುಲಭ. "ದಾಸ್ತಾನಿನ ಭೌತಿಕ ಪರಿಶೀಲನೆ ಸಾಧ್ಯವಾಗಲಿಲ್ಲ" ಎಂದು ಪರಿಶೋಧಕರು ಟಿಪ್ಪಣಿ ಬರೆದಿದ್ದರೆ, ಸಾಲ ಮಂಜೂರು ಮಾಡುವ ಬ್ಯಾಂಕ್ ಅಧಿಕಾರಿ ದಾಸ್ತಾನು ಸರಿಯಿದೆ ಎಂದು ತಿಳಿಯುವುದಿಲ್ಲ; ದಾಸ್ತಾನಿನಲ್ಲಿ ಮೋಸವಿದೆ ಎಂದೂ ತಿಳಿಯುವುದಿಲ್ಲ. ಗೋದಾಮಿಗೆ ಹೋಗಿ ನೋಡಬೇಕು ಎಂದು ತಿಳಿಯುತ್ತಾರೆ. ಮ್ಯಾಮೋಗ್ರಫಿ ವರದಿಯಲ್ಲಿ ದಟ್ಟತೆಯ ಸಾಲು ಅಂತಹುದೇ ಟಿಪ್ಪಣಿ.

ವರದಿಯಲ್ಲಿ ಎರಡು ಗುರುತುಗಳಿರುತ್ತವೆ. ಒಂದು, 0ಯಿಂದ 6ರವರೆಗಿನ ಬೈ-ರಾಡ್ಸ್ ಅಂಕಿ. ಇದು ಕಂಡದ್ದನ್ನು ಹೇಳುತ್ತದೆ. 1 ಎಂದರೆ ಏನೂ ಕಂಡಿಲ್ಲ. 2 ಎಂದರೆ ಕಂಡದ್ದು ನಿರಪಾಯಕಾರಿ. 3 ಎಂದರೆ ಬಹುಶಃ ನಿರಪಾಯಕಾರಿ, ಆದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ನೋಡಬೇಕು. 4 ಮತ್ತು 5 ಎಂದರೆ ಬಯಾಪ್ಸಿ ಬೇಕು. 0 ಎಂದರೆ ಪರೀಕ್ಷೆ ಪೂರ್ಣವಾಗಿಲ್ಲ, ಇನ್ನಷ್ಟು ಚಿತ್ರಗಳು ಬೇಕು. 6 ಈಗಾಗಲೇ ಖಚಿತಪಟ್ಟ ಕ್ಯಾನ್ಸರ್‌ಗೆ ಸಲ್ಲುವ ಅಂಕಿ. ಇನ್ನೊಂದು ಗುರುತು, ಎಯಿಂದ ಡಿವರೆಗಿನ ದಟ್ಟತೆಯ ಅಕ್ಷರ. ಇದು ಎಷ್ಟು ಚೆನ್ನಾಗಿ ನೋಡಲು ಸಾಧ್ಯವಾಯಿತು ಎಂಬುದನ್ನು ಹೇಳುತ್ತದೆ. ಅಂಕಿ 1, ಅಕ್ಷರ ಎ ಎಂಬ ವರದಿಗೂ ಅಂಕಿ 1, ಅಕ್ಷರ ಡಿ ಎಂಬ ವರದಿಗೂ ಇರುವ ಅಂತರ ದೊಡ್ಡದು. ಬಹುತೇಕ ಕುಟುಂಬಗಳು ಅಂಕಿಯನ್ನು ಮಾತ್ರ ಕೇಳಿ ತಿಳಿದು ವರದಿಯನ್ನು ಕಪಾಟಿನಲ್ಲಿಡುತ್ತವೆ.

ಅಮೆರಿಕದ ಶಿಕ್ಷಣ ತಜ್ಞೆ ನ್ಯಾನ್ಸಿ ಕ್ಯಾಪೆಲ್ಲೊ ಅವರ ಪ್ರಕರಣ ಈ ಅಂತರವನ್ನು ಲೋಕಕ್ಕೆ ತೋರಿಸಿತು. ವರ್ಷವರ್ಷವೂ ಮ್ಯಾಮೋಗ್ರಫಿ ಮಾಡಿಸಿಕೊಳ್ಳುತ್ತಿದ್ದ ಅವರಿಗೆ ವರದಿ ಸರಿಯಿದೆ ಎಂದು ತಿಳಿಸಿದ ಕೆಲವೇ ವಾರಗಳ ನಂತರ, 2004ರಲ್ಲಿ, ಮುಂದುವರಿದ ಹಂತದ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ತಮ್ಮ ಅಂಗಾಂಶ ದಟ್ಟವಾಗಿದೆ ಎಂಬ ಸಂಗತಿಯನ್ನು ಅಲ್ಲಿಯವರೆಗೆ ಯಾರೂ ಅವರಿಗೆ ತಿಳಿಸಿರಲಿಲ್ಲ. ಅವರ ಹೋರಾಟದ ಫಲವಾಗಿ ಕನೆಕ್ಟಿಕಟ್ ರಾಜ್ಯ 2009ರಲ್ಲಿ ದಟ್ಟತೆಯನ್ನು ಮಹಿಳೆಗೆ ತಿಳಿಸಲೇಬೇಕೆಂಬ ಶಾಸನ ಮಾಡಿತು. ಕ್ಯಾಪೆಲ್ಲೊ 2018ರಲ್ಲಿ ನಿಧನರಾದರು. 2024ರ ಸೆಪ್ಟೆಂಬರ್ 10ರಿಂದ ಇಡೀ ಅಮೆರಿಕದ ಎಲ್ಲ ಮ್ಯಾಮೋಗ್ರಫಿ ಕೇಂದ್ರಗಳಿಗೂ ಈ ನಿಯಮ ಕಡ್ಡಾಯವಾಗಿದೆ. ಭಾರತದಲ್ಲಿ ಇಂತಹ ಶಾಸನವಿಲ್ಲ. ಆದ್ದರಿಂದ ಕೇಳಿ ತಿಳಿಯುವ ಹೊಣೆ ಕುಟುಂಬದ್ದೇ.

ಪೂರಕ ತಪಾಸಣೆಯ ವಿಧಗಳು

ಮ್ಯಾಮೋಗ್ರಫಿಯ ಜೊತೆಗೆ ಮಾಡುವ ಹೆಚ್ಚುವರಿ ಚಿತ್ರಣವೇ ಪೂರಕ ತಪಾಸಣೆ. ಅದು ಮ್ಯಾಮೋಗ್ರಫಿಗೆ ಬದಲಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೆಲವು ಆರಂಭದ ಕ್ಯಾನ್ಸರ್‌ಗಳು ಸುಣ್ಣದ ಸೂಕ್ಷ್ಮ ಕಣಗಳ ರೂಪದಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. ಅವನ್ನು ಗುರುತಿಸಲು ಮ್ಯಾಮೋಗ್ರಫಿಯೇ ಬೇಕು.

ಅಲ್ಟ್ರಾಸೌಂಡ್: ಇದರಲ್ಲಿ ವಿಕಿರಣವಿಲ್ಲ, ಚುಚ್ಚುಮದ್ದಿಲ್ಲ, ಖರ್ಚೂ ಉಳಿದವುಗಳಿಗಿಂತ ಕಡಿಮೆ. ಫಲಿತಾಂಶ ಮಾತ್ರ ಪರೀಕ್ಷಿಸುವವರ ನೈಪುಣ್ಯವನ್ನು ಬಹಳವಾಗಿ ಅವಲಂಬಿಸಿದೆ.

ಎಂ.ಆರ್.ಐ.: ನರದ ಮೂಲಕ ಗ್ಯಾಡೊಲಿನಿಯಂ ಎಂಬ ವರ್ಧಕ ದ್ರವವನ್ನು ಕೊಟ್ಟು ಮಾಡುವ ಈ ಪರೀಕ್ಷೆ ಅತ್ಯಂತ ಸೂಕ್ಷ್ಮ. ದುಬಾರಿ, ಮೂತ್ರಪಿಂಡದ ತೊಂದರೆ ಇರುವವರು, ದೇಹದೊಳಗೆ ಕೆಲವು ಬಗೆಯ ಲೋಹದ ಸಾಧನ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ವರ್ಧಕ ಮ್ಯಾಮೋಗ್ರಫಿ: ಅಯೋಡಿನ್‌ಯುಕ್ತ ದ್ರವವನ್ನು ಕೊಟ್ಟು ತೆಗೆಯುವ ಮ್ಯಾಮೋಗ್ರಫಿ. ಕೆಲವರಿಗೆ ಈ ದ್ರವದಿಂದ ಅಲರ್ಜಿ ಉಂಟಾಗಬಹುದು.

ಇವಲ್ಲದೆ ಪದರಪದರವಾಗಿ ಚಿತ್ರ ತೆಗೆಯುವ ತ್ರಿಮಿತಿ ಮ್ಯಾಮೋಗ್ರಫಿಯೂ ಇದ್ದು, ಸಾಧಾರಣ ಮ್ಯಾಮೋಗ್ರಫಿಯ ಸುಧಾರಿತ ರೂಪವೆನ್ನಬಹುದು. ಅತ್ಯಂತ ದಟ್ಟ ಅಂಗಾಂಶಕ್ಕೆ ಇದೊಂದೇ ಸಾಲದು.

ಇವುಗಳ ಪ್ರಯೋಜನವನ್ನು ಅಳೆದ ಮೂರು ಪ್ರಯೋಗಗಳು ಮುಖ್ಯವಾದವು. ನೆದರ್ಲೆಂಡ್ಸ್‌ನಲ್ಲಿ ಅತ್ಯಂತ ದಟ್ಟ ಅಂಗಾಂಶವಿದ್ದು ಮ್ಯಾಮೋಗ್ರಫಿ ಸರಿಯಿದೆ ಎಂದು ಬಂದ 50ರಿಂದ 75 ವಯಸ್ಸಿನ 40,373 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ತಾನಾಗಿ ಹೊರಬೀಳುವ ಕ್ಯಾನ್ಸರ್‌ಗಳು ಮ್ಯಾಮೋಗ್ರಫಿ ಮಾತ್ರ ಪಡೆದ ಗುಂಪಿನಲ್ಲಿ ಸಾವಿರಕ್ಕೆ 5 ಇದ್ದರೆ, ಎಂ.ಆರ್.ಐ.ಗೆ ಆಹ್ವಾನ ಪಡೆದ ಗುಂಪಿನಲ್ಲಿ 2.5ಕ್ಕೆ ಇಳಿದವು. ಬ್ರಿಟನ್ನಿನಲ್ಲಿ 9,361 ಮಹಿಳೆಯರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮ್ಯಾಮೋಗ್ರಫಿಗೆ ಸಿಗದ ಕ್ಯಾನ್ಸರ್‌ಗಳನ್ನು ಸಂಕ್ಷಿಪ್ತ ಎಂ.ಆರ್.ಐ. ಸಾವಿರಕ್ಕೆ 17.4ರಂತೆ, ವರ್ಧಕ ಮ್ಯಾಮೋಗ್ರಫಿ 19.2ರಂತೆ, ಸ್ವಯಂಚಾಲಿತ ಅಲ್ಟ್ರಾಸೌಂಡ್ 4.2ರಂತೆ ಹಿಡಿದವು. ಮೂರನೆಯದು ಜಪಾನಿನದು. ನಮ್ಮ ಮಟ್ಟಿಗೆ ಅದೇ ಹೆಚ್ಚು ಉಪಯುಕ್ತ, ಏಕೆಂದರೆ ಅದು ಕೈಗೆಟುಕುವ ಅಲ್ಟ್ರಾಸೌಂಡನ್ನು, 40ರಿಂದ 49ರ ವಯಸ್ಸಿನ ಏಷ್ಯಾದ ಮಹಿಳೆಯರಲ್ಲಿ ಪರೀಕ್ಷಿಸಿತು.

ಜಮಾ ಮತ್ತು ಖರ್ಚು

ಜಪಾನಿನ ಪ್ರಯೋಗದಲ್ಲಿ 72,998 ಮಹಿಳೆಯರು ನೋಂದಾಯಿತರಾಗಿದ್ದರು. ಫಲಿತಾಂಶ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2016ರ ಸಂಚಿಕೆಯಲ್ಲಿ ಪ್ರಕಟವಾಯಿತು. ಅದನ್ನು 10,000 ಮಹಿಳೆಯರ ಲೆಕ್ಕಕ್ಕೆ ಇಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮ್ಯಾಮೋಗ್ರಫಿ ಮಾತ್ರ ಮಾಡಿದಾಗ ಪತ್ತೆಯಾದ ಕ್ಯಾನ್ಸರ್ 32; ಅಲ್ಟ್ರಾಸೌಂಡ್ ಸೇರಿಸಿದಾಗ 50. ಎರಡು ತಪಾಸಣೆಗಳ ನಡುವೆ ಹೊರಬಿದ್ದವು ಮ್ಯಾಮೋಗ್ರಫಿ ಗುಂಪಿನಲ್ಲಿ ಸುಮಾರು 10, ಎರಡನ್ನೂ ಮಾಡಿಸಿಕೊಂಡ ಗುಂಪಿನಲ್ಲಿ ಸುಮಾರು 5. ಇದು ಜಮಾ ಬದಿ.

ಖರ್ಚಿನ ಬದಿಯನ್ನೂ ನೋಡಬೇಕು. ಕ್ಯಾನ್ಸರ್ ಇಲ್ಲದಿದ್ದರೂ "ಅನುಮಾನವಿದೆ, ಮತ್ತೆ ಬನ್ನಿ" ಎಂದು ಕರೆಸಿಕೊಂಡವರು ಮೊದಲ ಗುಂಪಿನಲ್ಲಿ 10,000ಕ್ಕೆ ಸುಮಾರು 860. ಎರಡನೆಯದರಲ್ಲಿ ಸುಮಾರು 1,230. ಅಂದರೆ ಹೆಚ್ಚುವರಿಯಾಗಿ 18 ಕ್ಯಾನ್ಸರ್ ಪತ್ತೆಯಾಗಲು ಸುಮಾರು 370 ಮಂದಿ ಅನಗತ್ಯ ಆತಂಕ, ಮರುಪರೀಕ್ಷೆ, ಕೆಲವರು ಬಯಾಪ್ಸಿಯನ್ನೂ ಅನುಭವಿಸಬೇಕಾಯಿತು. ಮೊಳಕಾಲ್ಮೂರಿನ ನೇಕಾರ ಕುಟುಂಬಕ್ಕೆ ಮರುಪರೀಕ್ಷೆ ಎಂದರೆ ಇಬ್ಬರ ಒಂದು ದಿನದ ದುಡಿಮೆ ಮತ್ತು ಪ್ರಯಾಣ ವೆಚ್ಚ. ಅದಕ್ಕಿಂತ ಹೆಚ್ಚಾಗಿ, ಫಲಿತಾಂಶ ಬರುವವರೆಗಿನ ನಿದ್ದೆಯಿಲ್ಲದ ರಾತ್ರಿಗಳು.

ಪೂರಕ ತಪಾಸಣೆಯಿಂದ ಸಾವಿನ ಪ್ರಮಾಣ ಇಳಿಯುತ್ತದೆಯೇ ಎಂಬುದನ್ನು ಈ ಪ್ರಯೋಗಗಳು ಇನ್ನೂ ತೋರಿಸಿಕೊಟ್ಟಿಲ್ಲ. ಆದುದರಿಂದಲೇ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಅತ್ಯಂತ ದಟ್ಟ ಅಂಗಾಂಶವುಳ್ಳ 50ರಿಂದ 70ರ ವಯಸ್ಸಿನವರಿಗೆ 2ರಿಂದ 4 ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಬೇಕೆಂದು ಯೂರೋಪಿನ ಸ್ತನ ಚಿತ್ರಣ ತಜ್ಞರ ಸಂಘ 2022ರಲ್ಲಿ ಶಿಫಾರಸು ಮಾಡಿತು. ಪರವಾಗಿ ಅಥವಾ ವಿರುದ್ಧವಾಗಿ ಹೇಳಲು ಪುರಾವೆ ಸಾಲದು ಎಂದು ಅಮೆರಿಕದ ರೋಗನಿರೋಧಕ ಸೇವೆಗಳ ಕಾರ್ಯಪಡೆ 2024ರಲ್ಲಿ ಹೇಳಿತು. ಆದರೆ ಅದೇ ಕಾರ್ಯಪಡೆ 40ರಿಂದ 74ರ ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಫಿಯನ್ನು ಶಿಫಾರಸು ಮಾಡಿದೆ. ತಾಯಿ ಅಥವಾ ಸೋದರಿಗೆ ಚಿಕ್ಕ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ; ಅಂತಹವರು ದಟ್ಟತೆ ಹೇಗಿದ್ದರೂ ತಜ್ಞರನ್ನು ಕಾಣಲೇಬೇಕು.

ಎರಡನೆಯ ಮೆಟ್ಟಿಲಿಗೆ ಮುನ್ನ ಮೊದಲನೆಯದು

ಇಷ್ಟೆಲ್ಲ ಹೇಳಿದ ಮೇಲೆ ಸ್ಥಳೀಯ ವಾಸ್ತವಕ್ಕೆ ಬರಲೇಬೇಕು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9 ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಮೊದಲ ಪರೀಕ್ಷೆಯೇ ಆಗಿಲ್ಲದಿರುವಾಗ ಪೂರಕ ಪರೀಕ್ಷೆಯ ಮಾತು ಅವಸರದ್ದೆನಿಸಬಹುದು. ಆದರೆ ಎರಡೂ ಒಂದೇ ಸರಪಣಿಯ ಕೊಂಡಿಗಳು.

ಮೊದಲ ಕೊಂಡಿ ದುಬಾರಿಯಲ್ಲ ಎಂಬುದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೋರಿಸಿಕೊಟ್ಟಿದೆ. ಮುಂಬಯಿಯ ಕೊಳೆಗೇರಿಗಳ 35ರಿಂದ 64 ವಯಸ್ಸಿನ 1,51,538 ಮಹಿಳೆಯರನ್ನು ಒಳಗೊಂಡು 1998ರಲ್ಲಿ ಆರಂಭವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 20 ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸಾವಿನ ಇಳಿಕೆ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಆದರೆ 50 ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ದಟ್ಟ ಅಂಗಾಂಶವಿದ್ದರೂ ಕೈಗೆ ಸಿಗುವ ಗಡ್ಡೆಯನ್ನು ಕೈ ಹಿಡಿಯುತ್ತದೆ. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65ರ ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ನಡೆಸಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಮುಂದಿನ ಹಂತಗಳಿಗೆ ಪ್ರಯಾಣ ಅನಿವಾರ್ಯ. ಚಳ್ಳಕೆರೆಯವರು ಚಿತ್ರದುರ್ಗ, ದಾವಣಗೆರೆಗಳ ಕಡೆಗೂ, ಮೊಳಕಾಲ್ಮೂರಿನವರು ಬಳ್ಳಾರಿಯ ಕಡೆಗೂ ಹೋಗುವುದು ರೂಢಿ. ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. ದೂರದ ಪ್ರಯಾಣ ಮಾಡುವವರು ಹೊರಡುವ ಮುನ್ನವೇ ವಿಚಾರಿಸಿ, ಮ್ಯಾಮೋಗ್ರಫಿ ಮತ್ತು ಅಗತ್ಯ ಬಿದ್ದರೆ ಅಲ್ಟ್ರಾಸೌಂಡ್ ಎರಡೂ ಒಂದೇ ದಿನ, ಒಂದೇ ಕಡೆ ಆಗುವಂತೆ ನೋಡಿಕೊಂಡರೆ ಎರಡನೆಯ ಪ್ರಯಾಣ ತಪ್ಪುತ್ತದೆ.

ಉದ್ಯಮಿಗಳು ಏನು ಮಾಡಬಹುದು?

1. ಶಿಬಿರಗಳು: ವರ್ತಕ ಸಂಘಗಳು ಆರೋಗ್ಯ ಶಿಬಿರ ನಡೆಸುವುದು ವಾಡಿಕೆ. ಆದರೆ ಗಿರಣಿಯ ಅಂಗಳಕ್ಕೆ ಅಲ್ಟ್ರಾಸೌಂಡ್ ಯಂತ್ರ ತರಿಸುವ ಮುನ್ನ ಎಚ್ಚರ ಬೇಕು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯಡಿ ಈ ಯಂತ್ರಗಳ ನೋಂದಣಿ ಕಡ್ಡಾಯ. ನೋಂದಾಯಿತ ಸ್ಥಳದಿಂದ ಅವನ್ನು ಮನಬಂದಂತೆ ಒಯ್ಯುವಂತಿಲ್ಲ. ಮ್ಯಾಮೋಗ್ರಫಿ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಶಿಬಿರದಲ್ಲಿ ಕೈಪರೀಕ್ಷೆ ಮಾಡಿಸಿ, ಆಯ್ದವರನ್ನು ವಾಹನದಲ್ಲಿ ನೋಂದಾಯಿತ ಕೇಂದ್ರಕ್ಕೆ ಕಳುಹಿಸುವುದೇ ಸೂಕ್ತ ಕ್ರಮ.

2. ನೌಕರರ ತಪಾಸಣೆ: 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ ಸಂಹಿತೆಯು, ನಿಯಮಗಳಲ್ಲಿ ಗೊತ್ತುಪಡಿಸಿದ ವಯಸ್ಸಿನ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯನ್ನು ಮಾಲೀಕರ ಕರ್ತವ್ಯವಾಗಿಸಿದೆ. ಸಂಹಿತೆಯ ವ್ಯಾಪ್ತಿಗೆ ಬರುವವರು ಮಹಿಳಾ ನೌಕರರ ಸ್ತನ ಪರೀಕ್ಷೆಯನ್ನೂ ಅದಕ್ಕೆ ಸೇರಿಸಬಹುದು. ವರದಿ ಮಾತ್ರ ಆಕೆಯ ಕೈಗೇ ಹೋಗಬೇಕು, ಕಚೇರಿಯ ಕಡತಕ್ಕಲ್ಲ.

3. ಆದಾಯ ತೆರಿಗೆ: 1961ರ ಕಾಯ್ದೆಯ 80-ಡಿ ಕಲಮಿನಂತೆ, ಸ್ವಂತ, ಪತಿ-ಪತ್ನಿ, ಅವಲಂಬಿತ ಮಕ್ಕಳು ಹಾಗೂ ತಂದೆ-ತಾಯಿಯರ ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ ರೂ. 5,000ದವರೆಗೆ ಕಡಿತವಿದೆ. ಇದು ಆ ಕಲಮಿನ ಒಟ್ಟು ಮಿತಿಯ ಒಳಗಿನದೇ ಹೊರತು ಹೆಚ್ಚುವರಿಯಲ್ಲ. ವಿಮಾ ಕಂತನ್ನು ನಗದಾಗಿ ಕಟ್ಟಿದರೆ ಕಡಿತ ಸಿಗದು. ತಪಾಸಣೆಯ ವೆಚ್ಚ ನಗದಾದರೂ ಸಿಗುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಲೆಕ್ಕದಲ್ಲಿ ಮತ್ತು ಹೊಸ ತೆರಿಗೆ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿರುವುದನ್ನು ಗಮನಿಸಬೇಕು.

4. ವಿಮೆ: ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಪಾಲಿಸಿಗೂ ಮುನ್ನ ಇದ್ದ ಕಾಯಿಲೆಗಳ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 2024ರಲ್ಲಿ 36 ತಿಂಗಳಿಗೆ ಇಳಿಸಲಾಯಿತು. ಆರೋಗ್ಯವಾಗಿರುವಾಗಲೇ ಪಾಲಿಸಿ ಕೊಳ್ಳುವುದು ಲೇಸು. ವರದಿಯಲ್ಲಿ ತಿಳಿದ ಸಂಗತಿಯನ್ನು ಮುಚ್ಚಿಟ್ಟು ಕೊಳ್ಳುವುದು ಸಲ್ಲದು.

5. ಸರ್ಕಾರಿ ಯೋಜನೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ನೇಕಾರರು, ಗಿರಣಿ ಕಾರ್ಮಿಕರು ಕಾರ್ಡನ್ನು ಮೊದಲೇ ಮಾಡಿಸಿಡುವಂತೆ ಮಾಲೀಕರು ನೆನಪಿಸಬಹುದು.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮ್ಯಾಮೋಗ್ರಫಿ ಮಾಡಿಸಿಕೊಂಡ ಮಹಿಳೆ ವೈದ್ಯರನ್ನು ಕೇಳಬೇಕಾದುದು ಇಷ್ಟೇ: ನನ್ನ ದಟ್ಟತೆಯ ಅಕ್ಷರ ಯಾವುದು? ವರದಿಯಲ್ಲಿ ಅದನ್ನು ಬರೆದಿದೆಯೇ? ನನ್ನ ವಯಸ್ಸು ಮತ್ತು ಮನೆತನದ ಇತಿಹಾಸವನ್ನು ನೋಡಿದರೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಅಗತ್ಯವೇ? ಮುಂದಿನ ತಪಾಸಣೆ ಯಾವಾಗ? ಹಳೆಯ ವರದಿ ಮತ್ತು ಚಿತ್ರಗಳನ್ನು ಲೆಕ್ಕದ ಪುಸ್ತಕದಷ್ಟೇ ಜೋಪಾನವಾಗಿಟ್ಟು ಪ್ರತಿ ಬಾರಿಯೂ ಒಯ್ಯಬೇಕು. ಹೋದ ಬಾರಿಗೂ ಈ ಬಾರಿಗೂ ಆದ ಬದಲಾವಣೆಯೇ ತಜ್ಞರಿಗೆ ಹೆಚ್ಚಿನದನ್ನು ಹೇಳುತ್ತದೆ.

ಇವೆಲ್ಲಕ್ಕೂ ಮಿಗಿಲಾದ ಒಂದು ನಿಯಮವಿದೆ. ವರದಿ ಏನೇ ಹೇಳಲಿ, ಹೊಸದಾಗಿ ಗಂಟು ಕೈಗೆ ಸಿಕ್ಕರೆ, ತೊಟ್ಟು ಒಳಸೇರಿದರೆ, ತೊಟ್ಟಿನಿಂದ ರಕ್ತ ಒಸರಿದರೆ, ಚರ್ಮ ಗುಳಿ ಬಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. "ಹೋದ ತಿಂಗಳು ತಾನೇ ಮ್ಯಾಮೋಗ್ರಫಿ ಸರಿಯಿತ್ತಲ್ಲ" ಎಂದು ಕಾಯಬಾರದು. ದಾಸ್ತಾನಿನ ಬಗ್ಗೆ ಟಿಪ್ಪಣಿಯಿದ್ದ ವರದಿಯನ್ನು ನಂಬಿ ಗೋದಾಮಿನ ಬಾಗಿಲು ತೆರೆಯದ ವರ್ತಕರು ಯಾರೂ ಇರಲಾರರು. ಮನೆಯ ಹೆಂಗಸರ ಆರೋಗ್ಯದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಸಲ್ಲುತ್ತದೆ.